ಉತ್ತರದ ಬಿಸಿಲು

ರಾಮಾಂಜಿನಯ್ಯನವರು ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನವೂ ತುಮಕೂರಿನ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆದವರು. ಶಾಲೆ, ಪ್ರವಾಸಿ ಮಂದಿರ, ಕೊನೆಗೆ ದನದ ಆಸ್ಪತ್ರೆ ಕೂಡ ಅವರ ಮೇಜಿನ ಮೇಲೆಯೇ ಹುಟ್ಟುತ್ತಿದ್ದವು. ಎಷ್ಟು ಬರೆದರೇನು, ಮೂಲೆಯಲ್ಲಿ ಬೀಳುತ್ತಿದ್ದ ಸಹಿ ಮಾತ್ರ ಇಂಜಿನಿಯರ್ ಸಾಹೇಬರದು. ಹಾಗಾಗಿ ಅವರು ನಿವೃತ್ತರಾದ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿದ್ದ ಮಗಳು ಪುಟ್ಟತಾಯಮ್ಮ "ಇಲ್ಲೊಂದು ಸೈಟು ತಗೊಂಡಿದೀವಿ ಅಪ್ಪ, ಮನೆ ಪ್ಲಾನು ನೀನೇ ಹಾಕ್ಕೊಡು" ಎಂದು ಕಾಗದ ಬರೆದಾಗ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪುಟ್ಟತಾಯಿಯ ಗಂಡ ರಂಗಯ್ಯ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವಳೂ ಅಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅವರಿಗೊಂದು ಹೆಣ್ಣು ಕೂಸು. ಈ ಮೂವರಿಗಾಗಿ ರಾಮಾಂಜಿನಯ್ಯನವರು ಈ ಕಡೆಯಿಂದ ಆ ಕಡೆ ಕಾಣುವಂಥ ತೆಳ್ಳನೆಯ ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ಮನೆ ಬರೆದರು. ತಲೆಬಾಗಿಲು ಪೂರ್ವಕ್ಕೆ. ದಕ್ಷಿಣದ ಉದ್ದಕ್ಕೂ ಅಗಲವಾದ ಜಗಲಿ, ಏಕೆಂದರೆ ವರ್ಷದ ಹೆಚ್ಚು ಕಾಲ ಬಿಸಿಲು ಬಾಗುವುದು ಆ ಕಡೆಗೇ. ಮಲಗುವ ಕೋಣೆಗಳೆಲ್ಲ ಉತ್ತರಕ್ಕೆ. ಅವಕ್ಕೆ ದೊಡ್ಡ ದೊಡ್ಡ ಕಿಟಕಿ. ತಣ್ಣನೆಯ ಬೆಳಕು ಬರಬೇಕು, ಬಿಸಿಲು ಮಾತ್ರ ಇಣುಕಬಾರದು. ಮೂಲೆಯಲ್ಲಿ ತಮ್ಮ ಹೆಸರನ್ನು ಇಂಜಿನಿಯರ್ ಸಾಹೇಬರ ಸಹಿಗಿಂತ ದಪ್ಪಕ್ಷರದಲ್ಲಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು.

ಆಮೇಲೆ ಊರಿಗೆ ಊರೇ ಅದನ್ನು ಕೇಳಬೇಕಾಯಿತು. ಕ್ಷೌರದಂಗಡಿಯಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ಜಗಲಿಯ ಅಗಲ ವಿವರಿಸುತ್ತಿದ್ದರು. ಅವರ ಹೆಂಡತಿ ಹೊಂಬಾಳಮ್ಮನಿಗೆ ಆ ಮನೆಯ ಕಿಟಕಿಗಳೆಲ್ಲ ಬಾಯಿಪಾಠವಾಗಿದ್ದವು.

ಒಂದು ದಿನ ಗುಬ್ಬಿಗೆ ಹೋದಾಗ ಹಳೆಯ ಸ್ನೇಹಿತ ಕದರಯ್ಯನ ಹತ್ತಿರವೂ ಇದೇ ಪುರಾಣ ಬಿಚ್ಚಿದರು. ಕದರಯ್ಯ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತನಾಗಿ, ಈಗ ತಮ್ಮನ ತೆಂಗಿನಕಾಯಿ ಮಂಡಿಯಲ್ಲಿ ಕೂರುತ್ತಿದ್ದ. ಅವನು ಎಲ್ಲವನ್ನೂ ಕೇಳಿ ಗದ್ದ ಕೆರೆದುಕೊಂಡ.

"ಲೋ ರಾಮಾಂಜಿ, ಜಾಂಬಿಯಾ ಇರೋದು ಭೂಮಧ್ಯರೇಖೆಯಿಂದ ಕೆಳಗಲ್ವೇನೋ?"

"ಎಲ್ಲಾದ್ರೂ ಇರ್ಲಿ, ಬಿಸಿಲು ಬಿಸಿಲೇ ತಾನೇ?"

ಕದರಯ್ಯ ಸುಲಿದ ಕಾಯೊಂದನ್ನು ತೆಗೆದು ನಡುವಿಗೆ ಇದ್ದಿಲಿನ ಗೆರೆ ಎಳೆದ. ಗೆರೆಯಿಂದ ಮೇಲಕ್ಕೊಂದು ಚುಕ್ಕೆ, ಕೆಳಕ್ಕೊಂದು ಚುಕ್ಕೆ. "ಇದು ತುಮಕೂರು. ಇದು ನಿನ್ ಮಗಳ ಮನೆ. ಸೂರ್ಯ ಓಡಾಡೋದು ಈ ನಡುಗೆರೆ ಆಸುಪಾಸಲ್ಲಿ. ನಮಗೆ ಅವ್ನು ಹೆಚ್ಚಾಗಿ ದಕ್ಷಿಣಕ್ಕೆ ಕಾಣ್ತಾನೆ. ಅವ್ರಿಗೆ ಎತ್ತಗೆ ಕಾಣ್ತಾನೆ, ನೀನೇ ಹೇಳು."

ರಾಮಾಂಜಿನಯ್ಯನವರು ಕಾಯಿ ನೋಡಿದರು. ಕೆಳಗಿನ ಚುಕ್ಕೆಯಿಂದ ನಡುಗೆರೆಯವರೆಗೆ ಬೆರಳು ಎಳೆದರು. ಉತ್ತರಕ್ಕೆ! ಬಿಸಿಲು ಬರುವ ಕಡೆಗೇ ಅವರು ಮಲಗುವ ಕೋಣೆಗಳನ್ನಿಟ್ಟು, ಸಾಲದು ಎಂಬಂತೆ ದೊಡ್ಡ ಕಿಟಕಿಗಳನ್ನೂ ತೆರೆದಿದ್ದರು. ಜಗಲಿಯೋ, ಬಿಸಿಲೇ ಬೀಳದ ಕಡೆ ನೆರಳು ಕೊಡುತ್ತಾ ಬಿದ್ದಿರುತ್ತದೆ.

ಗೋಡೆ ಕಿಟಕಿ ಬಾಗಿಲುಗಳ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದಿದೆ ಎಂದು ಮಗಳ ಕಾಗದ ಅದಾಗಲೇ ಬಂದಿತ್ತು. ಈಗ ಬರೆದರೆ ಕೆಡವುತ್ತಾರೆಯೇ? ಬರೆಯದೆ ಇರುವುದಾದರೂ ಹೇಗೆ? ಬರೆಯಲು ಕೂತಾಗಲೆಲ್ಲ ಪೆನ್ನು ಒಣಗಿತೇ ಹೊರತು ಅಕ್ಷರ ಮೂಡಲಿಲ್ಲ. ಆ ಕೂಸು ಕಾದ ಗೋಡೆಯ ಪಕ್ಕ ಬೆವರಿ ಹೊರಳಾಡುವುದು ಕಣ್ಣಿಗೆ ಕಟ್ಟುತ್ತಿತ್ತು. ಬೇರೆಯವರ ಮನೆಯಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಹೆತ್ತ ಮಗಳು ಅಪ್ಪನನ್ನು ನಂಬಿ ಕೇಳಿದ್ದಳು.

ಮನೆಯ ಮಾತೆತ್ತಿದರೆ ಅವರು ಎದ್ದು ಹೋಗತೊಡಗಿದರು. "ಇಷ್ಟ್ ದಿನ ಕಿವಿ ತೂತು ಮಾಡ್ತಿದ್ರಿ, ಈಗೇನ್ ಬಾಯಿಗೆ ಬೀಗ ಬಿತ್ತಾ?" ಎಂದು ಹೊಂಬಾಳಮ್ಮ ಕೇಳಿದರೆ, ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ರೇಗಿದರು. ಸಾರಿನಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಬೇಸಿಗೆಯಲ್ಲಿ ಸೋದರತ್ತೆಯ ಮಗನ ಮದುವೆಗೆಂದು ಪುಟ್ಟತಾಯಿ ಕೂಸಿನ ಜೊತೆ ಬಂದಳು. ಗೃಹಪ್ರವೇಶ ಮುಗಿಸಿಯೇ ಬಂದಿದ್ದಳು. ಮನೆ ತುಂಬ ನೆಂಟರು, ಅಪ್ಪನಿಗೆ ಮಗಳು ಒಂಟಿಯಾಗಿ ಸಿಗಲೇ ಇಲ್ಲ. ಅಥವಾ ಸಿಕ್ಕಾಗಲೆಲ್ಲ ಇವರೇ ತಪ್ಪಿಸಿಕೊಂಡರು ಅನ್ನಿ. ಅವಳೂ ಮನೆಯ ಸುದ್ದಿ ತೆಗೆಯಲಿಲ್ಲ. ಬೇಜಾರಾಗಿದೆ, ಅದಕ್ಕೇ ಸುಮ್ಮನಿದಾಳೆ ಎಂದು ಇವರು ಇನ್ನಷ್ಟು ಕುಗ್ಗಿದರು.

ಕುಣಿಗಲ್ಲಿನ ಛತ್ರದಲ್ಲಿ ಮುಹೂರ್ತ ಮುಗಿಯಿತು. ಬೀಗರ ಕಡೆಯ ಕೆಂಪಯ್ಯ ಎಂಬ ಹಿರಿಯರು ಎಲ್ಲರೆದುರಿಗೆ, "ಏನ್ ರಾಮಾಂಜಿನಯ್ನೋರೇ, ಆಫ್ರಿಕಾದಾಗೆ ಬಂಗ್ಲೆ ಕಟ್ಟಿಸ್ಬುಟ್ರಂತೆ!" ಎಂದರು. ಅವರು ಹೊಗಳಿದ್ದೇ. ಇವರಿಗೆ ಕಪಾಳಕ್ಕೆ ಹೊಡೆದಂತಾಯಿತು. ಇನ್ನು ತಡೆಯಲಾರದೆ ಮಗಳನ್ನು ಕರೆದುಕೊಂಡು ಛತ್ರದ ಹಿಂದಿನ ನೀರಿನ ತೊಟ್ಟಿಯ ಹತ್ತಿರ ಹೋದರು.

"ಪುಟ್ಟತಾಯಿ, ನಾನು ನಿನ್ ಮನೆ ಕೆಡಿಸ್ಬುಟ್ಟೆ ಕಣವ್ವ. ಅಲ್ಲಿ ಬಿಸಿಲು ಉತ್ತರದಿಂದ ಬೀಳ್ತದಂತೆ. ನನಗೆ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೂ ಬರೆಯೋಕೆ ಧೈರ್ಯ ಬರ್ಲಿಲ್ಲ."

ಪುಟ್ಟತಾಯಿ ಬಾಯಿ ತೆರೆದು ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗುತ್ತಲೇ ಕಣ್ಣಲ್ಲಿ ನೀರು.

"ಅಯ್ಯೋ ಅಪ್ಪ, ಇದನ್ನ ಹೆಂಗೆ ಹೇಳೋದು ಅಂತ ನಾನು ಅಲ್ಲಿಂದ ಒದ್ದಾಡ್ಕೊಂಡ್ ಬಂದಿದೀನಿ! ನಿನ್ ಪ್ಲಾನ್ ಬಂದ ದಿನವೇ ನೋಡಿದೆ. ಆ ಬಟ್ಟೇನ ಮಗುಚಿ ಹಾಕ್ದೆ, ಅಷ್ಟೇ. ಗೆರೆ ಎಲ್ಲ ಹಿಂದ್ಗಡೆಯಿಂದ್ಲೂ ಕಾಣ್ತವಲ್ಲ. ಬಾಗ್ಲು ಪೂರ್ವಕ್ಕೇ ಉಳೀತು, ಜಗಲಿ ಉತ್ತರಕ್ಕೆ ಬಂತು, ರೂಮೆಲ್ಲ ದಕ್ಷಿಣಕ್ಕೆ ಹೋದ್ವು. ಅಡುಗೆಮನೆ, ದೇವರ ಮನೆ ಮಾತ್ರ ಅದಲು ಬದಲು ಮಾಡ್ದೆ, ವಾಸ್ತು ಕೆಡ್ತು ಅಂತ ಅಮ್ಮ ಬಯ್ಯದೆ ಇರ್ಲಿ ಅಂತ."

"ಅಂದ್ರೆ... ಮನೆ ತಣ್ಣಗೈತಾ?"

"ಮಧ್ಯಾಹ್ನ ಅಕ್ಕಪಕ್ಕದವ್ರೆಲ್ಲ ನಮ್ಮನೇಗೇ ಬಂದು ಕೂರ್ತಾರೆ. ನಿನ್ ಒಂದ್ ಗೆರೇನೂ ಅಳಿಸಿಲ್ಲ ಅಪ್ಪ. ತಿದ್ದಿದೆ ಅಂದ್ರೆ ನೀನು ನೊಂದ್ಕೊತೀಯ ಅಂತ ಬಾಯಿ ಬಿಡ್ಲಿಲ್ಲ."

ರಾಮಾಂಜಿನಯ್ಯನವರು ತೊಟ್ಟಿಯ ಕಟ್ಟೆಯ ಮೇಲೆ ಧೊಪ್ಪನೆ ಕೂತರು. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಆಚೆಗಿಟ್ಟಂತಾಯಿತು. ಮಗಳು ತಿದ್ದಿದಳೆಂಬ ನೋವು ಬರುತ್ತದೇನೋ ಎಂದು ತಮ್ಮೊಳಗೇ ಹುಡುಕಿದರು. ಇರಲಿಲ್ಲ. ಕೂಸು ತಣ್ಣಗೆ ಮಲಗುತ್ತದೆ ಎಂಬ ಸಮಾಧಾನವೇ ಅಲ್ಲಿ ತುಂಬಿಕೊಂಡಿತ್ತು. ಜೊತೆಗೆ ಒಳ್ಳೆಯ ಹಸಿವು.

ಊಟದ ಪಂಕ್ತಿಯಲ್ಲಿ ಮಗಳ ಪಕ್ಕ ಕೂತು ಪಾಯಸ ಎರಡನೆಯ ಸಲ ಬಡಿಸಿಕೊಂಡು, ಎದುರು ಸಾಲಿನಲ್ಲಿದ್ದ ಕೆಂಪಯ್ಯನವರನ್ನು ತಾವಾಗಿಯೇ ಕೂಗಿದರು. "ಕೆಂಪಯ್ನೋರೇ, ಆಗ ಬಂಗ್ಲೆ ವಿಷ್ಯ ಕೇಳಿದ್ರಲ್ಲ. ನಾನು ಹಾಕಿದ್ ಪ್ಲಾನು ಪೂರಾ ತಪ್ಪು ಕಣ್ರೀ. ನಾನು ಹಾಕ್ದಂಗೇ ಕಟ್ಟಿದ್ರೆ ಎಲ್ರೂ ಬೆಂದು ಹೋಗೋರು."

ಸಾಲಿಗೆ ಸಾಲೇ ಕೈ ನಿಲ್ಲಿಸಿ ನೋಡಿತು. ಬಡಿಸುತ್ತಿದ್ದ ಹೊಂಬಾಳಮ್ಮ ಸೌಟು ಹಿಡಿದುಕೊಂಡೇ ನಿಂತರು.

"ಅದನ್ನ ಸರಿ ಮಾಡ್ದವ್ಳು ಇವ್ಳು, ನನ್ ಮಗಳು," ಎಂದು ರಾಮಾಂಜಿನಯ್ಯನವರು ಎಂಜಲು ಕೈಯಲ್ಲೇ ಪಕ್ಕಕ್ಕೆ ತೋರಿಸಿದರು. "ಆ ಮನೆ ಪ್ಲಾನಿಗೆ ಸಹಿ ಹಾಕ್ಬೇಕಾದವ್ಳು ಇವ್ಳೇ."

ಪುಟ್ಟತಾಯಿ ತಲೆ ಬಗ್ಗಿಸಿ, ಎಲೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸುತ್ತಾ ಕೂತಳು.