ಹರಿಗೋಲಿನ ಯಮನೂರಪ್ಪ

ದಂಡೆಯ ಮೇಲೆ ನಿಂತು ಕೂಗಿದರೆ ಆಚೆ ದಂಡೆಯ ಎಮ್ಮೆಯೂ ತಿರುಗಿ ನೋಡುವಷ್ಟು ಗಟ್ಟಿ ಗಂಟಲಿನ ಯಮನೂರಪ್ಪ, ಹರಿಗೋಲು ನೀರಿಗಿಳಿದ ಕ್ಷಣದಿಂದ ಪಿಸುಮಾತಿನ ಮನುಷ್ಯನಾಗಿಬಿಡುತ್ತಿದ್ದ; ಏನನ್ನಾದರೂ ತೋರಿಸಲು ಬೆರಳಂತೂ ಎತ್ತುತ್ತಲೇ ಇರಲಿಲ್ಲ. ಬಂಡೆಯ ಮೇಲೆ ಮೊಸಳೆ ಮಲಗಿದ್ದರೆ ಗದ್ದ ತುಸು ಎಡಕ್ಕೆ, ಹದ್ದಿನ ಗೂಡಿದ್ದರೆ ಮೇಲಕ್ಕೆ, ಅಷ್ಟೇ. ಲಿಂಗಸುಗೂರು ಸೀಮೆಯಲ್ಲಿ ಕೃಷ್ಣೆ ಕಲ್ಲುಗುಡ್ಡಗಳನ್ನು ಸೀಳಿ ಹರಿಯುವ ಕಮರಿಯಲ್ಲಿ ಮೂವತ್ತು ವರ್ಷ ಹುಟ್ಟು ಹಾಕಿದವನು, ನೆಲದ ಮೇಲೂ ಭೂಮಿ ಎಲ್ಲಿ ವಾಲೀತೋ ಎಂಬಂತೆ ಕಾಲಗಲಿಸಿಯೇ ನಡೆಯುತ್ತಿದ್ದ. ಗುಂಡಿಯಿಲ್ಲದ ಖಾಕಿ ಕೋಟನ್ನು ಬಿರುಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ.

ಎಳ್ಳಮವಾಸೆಯ ದಿನ ಸಾಲಗುಂದದ ಮುದುಕಿ ಶಿವಬಸಮ್ಮ, ಮಗ ಸಂಗನಬಸವನೊಡನೆ, ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆ ಹರಿಗೋಲಿನಲ್ಲಿ ಕೂತಳು. ಒಂದು ತಿರುವಿನಲ್ಲಿ ಯಮನೂರಪ್ಪ ಬಂಡೆಯೊಂದರಿಂದ ದೂರದಲ್ಲೇ ಹುಟ್ಟು ನಿಲ್ಲಿಸಿದ.

“ನೀರನಾಯಿ. ಆ ಬಿರುಕಿನ್ಯಾಗ ಮರಿ ಹಾಕ್ಯಾಳ.”

“ನಾಯಿ ನೋಡಾಕ ಇಲ್ಲೀತನಕ ಬರಬೇಕಿತ್ತೇನ ಯಮನೂರಣ್ಣಾ? ನಮ್ಮೂರಾಗ ಓಣಿಗೆ ಹತ್ತ ಅದಾವ!” ಎಂದ ಸಂಗನಬಸವ.

“ಅವು ಬೊಗಳ್ತಾವ್ರೀ ಸಾವಕಾರ್ರ, ಇವು ಮೀನ ಹಿಡೀತಾವ. ಸಪ್ಪಳ ಮಾಡಬ್ಯಾಡ್ರಿ. ಅಂಜಿದ್ಲಂದ್ರ ಮರಿ ಬಿಟ್ಟ ಹೋದಾಳು.”

“ಫೋಟೋ ಹೊಡೀತೀನಿ, ಸ್ವಲ್ಪ ಹತ್ರ ತಗೋ.”

“ಇಲ್ರೀ.”

ಮರಿ ಹಾಕಿದಂದಿನಿಂದ ಹನ್ನೆರಡು ದಿನ, ಉಳಿದ ಹರಿಗೋಲಿನವರನ್ನೂ ಕಾಡಿಬೇಡಿ, ಆ ಬಂಡೆಯ ಬಳಿ ಯಾರೂ ಸುಳಿಯದಂತೆ ಕಾದವನು ಅವನು.

ಅಲ್ಲೇ, ಹರಿಗೋಲಿನಲ್ಲೇ ಊಟವೆಂದಾಯಿತು. ಶಿವಬಸಮ್ಮ ಗಂಟು ಬಿಚ್ಚಿದವಳೇ, ಹೊಲದಲ್ಲಿ ನಲವತ್ತು ವರ್ಷ ಮಾಡಿದಂತೆ, ಯಾರೂ ತುತ್ತೆತ್ತುವ ಮೊದಲು ಭೂಮಿತಾಯಿಯ ಪಾಲಿನ ಚರಗವನ್ನು ಹಿಡಿಯಾಗಿ ನೀರಿಗೆ ಚೆಲ್ಲಿ ಗಂಟಲೆತ್ತಿ ಕೂಗಿದಳು. ಚರಗವನ್ನು ಆಕೆ ಎಂದೂ ಸಪ್ಪಳವೆಂದು ಎಣಿಸಿದವಳಲ್ಲ. ಕಮರಿಯ ಎರಡು ಗೋಡೆಗಳೂ ಆ ಕೂಗನ್ನು ಒಂದಕ್ಕೊಂದು ದಾಟಿಸಿದವು. ತಾಯಿ ನೀರುನಾಯಿ ಬಂಡೆಯಿಂದ ಜಾರಿ ನೀರಲ್ಲಿ ಮಾಯವಾಯಿತು. ಬಿರುಕಿನೊಳಗೆ ಮರಿಗಳು ಕುಂಯ್‌ಗುಟ್ಟತೊಡಗಿದವು.

“ಏನಬೇ ನೀ! ಇದೇನ ನಮ್ಮ ಹೊಲ ಏನ?” ಮಗ ಸಿಡುಕಿದ.

ಮುದುಕಿಯ ಕೈ ಹಾಗೇ ನಿಂತಿತು. ಯಮನೂರಪ್ಪ ಆಕೆಯತ್ತ ಬಾಗಿ, “ನಿಮ್ದೇನ ತಪ್ಪಿಲ್ಲ ತಗೋರಿ ಯವ್ವಾ. ಆಕಿಗೇನ ಗೊತ್ತರೀ ನಮ್ಮ ಹಬ್ಬ?” ಎಂದ. ಹರಿಗೋಲನ್ನು ಆಚೆ ದಂಡೆಗೆ ಒಯ್ದು, ಅತ್ತಿಯ ಬೇರೊಂದನ್ನು ಹಿಡಿದು ಕೂತುಬಿಟ್ಟ. ನೆರಳು ಬಂಡೆಯಿಂದ ಬಂಡೆಗೆ ಸರಿಯಿತು. ರೊಟ್ಟಿ ಗಾಳಿಗೆ ಬಿರುಸಾದವು. ಉಣ್ಣೆಂದರೂ ಶಿವಬಸಮ್ಮ ಉಣ್ಣಲಿಲ್ಲ. ಆ ಎಳೆಯ ದನಿಗಳು ಸಣ್ಣಗಾದಷ್ಟೂ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಫೋಟೋದ ಮಾತನ್ನು ಸಂಗನಬಸವನೂ ಮರೆತ.

ಕಡೆಗೆ ಮಡುವಿನ ಕೆಳಬದಿಯಲ್ಲಿ ಮೀಸೆಯ ಮುಖವೊಂದು ಎದ್ದಿತು, ಮುಳುಗಿತು, ಬಂಡೆಯ ಬುಡದಲ್ಲಿ ಮತ್ತೆ ಎದ್ದಿತು. ಬಾಯಲ್ಲಿ ಮೀನು. ಬಿರುಕಿನೊಳಗೆ ಹೊಕ್ಕಿತು. ಕುಂಯ್‌ಗುಟ್ಟುವಿಕೆ ನಿಂತಿತು.

“ಈಗ ಉಣ್ರೀ ಯವ್ವಾ,” ಎಂದ ಯಮನೂರಪ್ಪ.

ಇಂಥವರನ್ನು ನಾವು ದಾರಿ ತೋರಿಸುವವರು ಎಂದು ಕರೆದು ಸುಮ್ಮನಾಗುತ್ತೇವೆ. ಅವರು ನಮ್ಮನ್ನು ಒಯ್ದು ನಿಲ್ಲಿಸುವುದು ಮತ್ತೊಬ್ಬರ ಬಾಗಿಲಲ್ಲಿ. ನಮ್ಮಿಂದ ಒಳಗಿನವರಿಗೆ ನೋವಾದರೆ ಆ ನಾಚಿಕೆಯನ್ನು ತಮ್ಮದೆಂದೇ ಹೊತ್ತು, ಒಳಗಿನ ಅಳು ನಿಲ್ಲುವವರೆಗೂ ಅವರು ಅಲ್ಲಿಂದ ಏಳುವವರಲ್ಲ.