ಉಮಾಶ್ರೀಗೆ ಸಿಕ್ಕ ಜಾಗ

ಪೀಣ್ಯದ ಕಾರ್ಖಾನೆಯೊಂದರ ಹೆಂಗಸರ ರಗ್ಬಿ ತಂಡಕ್ಕೆ ವನಜಾ ಕ್ಯಾಪ್ಟನ್. ತಂಡದ ಸೋಲು ನೋಡಿ ಬೇಸತ್ತಿದ್ದ ಮ್ಯಾನೇಜರು ಒಂದು ದಿನ ಅವಳನ್ನು ಕರೆಸಿ, "ಹೊರಗಿಂದ ಒಬ್ಬಳನ್ನ ತಗೋಳಮ್ಮ, ಯಾರು ಬೇಕು ಹೇಳು. ಇಲ್ಲೇ ಕೆಲಸ ಕೊಡೋಣ" ಎಂದರು.

ವನಜಾ ಅದನ್ನು ಮೊದಲು ಹೇಳಿದ್ದು ಗೆಳತಿ ಶೋಭಾರಾಣಿಗೆ. ಇಬ್ಬರೂ ಒಂದೇ ಲೈನಿನಲ್ಲಿ ಕೆಲಸ ಮಾಡುವವರು, ಮೈದಾನದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನೂಕುವವರು.

"ಯೋಚ್ನೆ ಯಾಕೆ? ಆ ಕಾಡುಗೋಡಿ ಟೀಮಿನ ಉಮಾಶ್ರೀನ ಕರಿಯೇ. ಅವಳ ಕೈಗೆ ಚೆಂಡು ಸಿಕ್ರೆ ಹಿಡಿಯೋರು ಯಾರಿದ್ದಾರೆ?" ಎಂದಳು ಶೋಭಾ. ವನಜಾಳ ಮನಸ್ಸಿನಲ್ಲಿದ್ದ ಹೆಸರೂ ಅದೇ.

ಉಮಾಶ್ರೀ ಬಂದಳು. ಅವಳು ಸೇರಿದ ದಿನವೇ, ಗುತ್ತಿಗೆ ಮುಗಿಯಿತೆಂದು ಹೇಳಿ ಗೇಟಿನಲ್ಲಿ ಶೋಭಾರಾಣಿಯ ಪಾಸು ಇಸಿದುಕೊಂಡರು. ವನಜಾ ಮ್ಯಾನೇಜರ ಬಳಿ ಓಡಿದಳು.

"ಜಾಗ ಖಾಲಿ ಮಾಡ್ದೆ ಹೆಂಗಮ್ಮ ಕೊಡೋದು? ನೀನೇ ತಾನೆ ಕೇಳಿದ್ದು" ಎಂದು ಅವರು ಫೋನಿಗೆ ತಿರುಗಿದರು. ಹಾಗಾದರೆ ನಾನೂ ಆಡುವುದಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ.

ಆ ಭಾನುವಾರ ತಂಡ ಮೊದಲ ಸಲ ಗೆದ್ದಿತು. ಎಲ್ಲರೂ ಉಮಾಶ್ರೀಯನ್ನು ಎತ್ತಿಕೊಂಡು ಕುಣಿದರು. ವನಜಾ ಬೆವರಿದ ಜೆರ್ಸಿಯಲ್ಲೇ ರಾಜಗೋಪಾಲನಗರಕ್ಕೆ, ಶೋಭಾಳ ಮನೆಗೆ ಹೋದಳು. ಶೋಭಾ ಬಾಗಿಲಿಗೆ ಅಡ್ಡ ನಿಂತಳು.

"ಗೆದ್ರಾ?"

"ಹೂಂ ಕಣೇ. ನಿನ್ನ ತೆಗೀತಾರೆ ಅಂತ ನಂಗೆ ಗೊತ್ತಿರ್ಲಿಲ್ಲ, ನಿನ್ನಾಣೆ."

"ಗೊತ್ತಾದ್ಮೇಲೂ ಆಡಿದ್ಯಲ್ಲ" ಎಂದಳು ಶೋಭಾ.

ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು. ಒಲೆ ಆರಿಸಲು ಹೋದವಳು ಮತ್ತೆ ಹೊರಗೆ ಬರಲಿಲ್ಲ. ವನಜಾ ಬಹಳ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು, ಕೊನೆಗೆ ತಾನೇ ಬಾಗಿಲು ಮುಂದಕ್ಕೆಳೆದು ಹೊರಟಳು.