ಕೂಡಿ ಬಂದ ಹೆಸರು

ಅಣ್ಣಿಗೇರಿಯ ಎಣ್ಣೆ ಗಿರಣಿಗೆ ಕಂಪ್ಯೂಟರ್ ಬಂದ ವರ್ಷವೇ ಗುಡಗೇರಿಯ ಗುರವ್ವ ಬಿ.ಎಸ್ಸಿ. ಮುಗಿಸಿ ಅಲ್ಲಿ ಉಮೇದುವಾರಳಾಗಿ ಸೇರಿದಳು. ನೌಕರಿ ಕಾಯಂ ಆಗದಿದ್ದರೆ ದುಮ್ಮವಾಡದ ತಿರಕಪ್ಪನಿಗೆ ಕೊಟ್ಟುಬಿಡುವುದೆಂದು ಅಪ್ಪ ಹೇಳಿಯಾಗಿತ್ತು. ತಿರಕಪ್ಪನ ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತಿದ್ದಳು. ಹೇಗೆ ಬಿದ್ದಳೆಂದು ಯಾರೂ ಕೇಳಿರಲಿಲ್ಲ.

ಕಾಯಂ ಆಗಲು ಗುರವ್ವನಿಗಿದ್ದ ಪರೀಕ್ಷೆ ಇಷ್ಟೇ: ಹತ್ತಿಕಾಳಿನ ಚೀಲ ಎಷ್ಟೆಂದು ಕೊಟ್ಟರೆ ಎಣ್ಣೆ ಎಷ್ಟೆಂದು ಯಂತ್ರ ಹೇಳಬೇಕು. ಲೆಕ್ಕದ ಭಾಗವನ್ನು ಹಿರಿಯ ನೌಕರ ಈರಬಸಪ್ಪ ಫೋರ್ಟ್ರಾನ್ ಭಾಷೆಯಲ್ಲಿ ಬರೆದಿಟ್ಟಿದ್ದ. ಗುರವ್ವ ಸಿ ಭಾಷೆಯಿಂದ ಅದನ್ನು ಹೆಸರು ಹಿಡಿದು ಕರೆಯಬೇಕು. ಎರಡನ್ನೂ ಲಿಂಕರ್ ಎಂಬ ಪ್ರೋಗ್ರಾಮು ಜೋಡಿಸುತ್ತದೆ. ಜೋಡಿಸಲಿಲ್ಲ. ಆ ಹೆಸರೇ ಇಲ್ಲ ಎಂದಿತು.

"ಏನಂತೈತಿ ಬೇ?" ಈರಬಸಪ್ಪ ಎಲೆ ಅಡಿಕೆ ಮೆಲ್ಲುತ್ತ ಕೇಳಿದ. ಗುರವ್ವನ ಜಾಗಕ್ಕೆ ಹೆಂಡತಿಯ ತಮ್ಮನನ್ನು ತರುವ ಆಸೆ ಅವನದು.

"ನೀವು ಇಟ್ಟ ಹೆಸರು ಸಿಗವಲ್ದಂತ್ರಿ."

"ಫೋರ್ಟ್ರಾನ್ ಪ್ರತಿ ಹೆಸರಿಗೂ ಒಂದು ಬಾಲಾ ಹಚ್ಚತೈತಿ, ಕೆಳಗ ಸಣ್ಣ ಗೀಟು. ನೀನೂ ಹಚ್ಚಿ ಕರಿ."

"ಅಷ್ಟ ಸಾಕೇನ್ರಿ ಕಾಕಾ?"

"ಅಗದಿ ಸಾಕು."

ಹಚ್ಚಿದಳು. ಲಿಂಕರ್ ತಕರಾರಿಲ್ಲದೆ ಜೋಡಿಸಿತು. ಹೊರಗೆ ಜೀಪು ನಿಂತಿತು. ಗಿರಣಿಯ ಅಧ್ಯಕ್ಷ ಕುಬೇರಪ್ಪ ಪರೀಕ್ಷೆ ನೋಡಲು ನಾಲ್ಕು ಜನರೊಂದಿಗೆ ಒಳಗೆ ಬಂದ.

"ಹತ್ತು ಚೀಲ ಹಾಕವಾ."

ಹಾಕಿದಳು. ಪರದೆಯ ಮೇಲೆ ಲಕ್ಷಗಟ್ಟಲೆ ಡಬ್ಬಿ ಎಣ್ಣೆ ಬಂತು.

"ಅಬಾಬಾ! ಊರಾಗ ಎಣ್ಣಿ ಹೊಳಿ ಹರಿತಲ್ಲಲೇ!" ಕುಬೇರಪ್ಪ ನಕ್ಕ. ಎಲ್ಲರೂ ನಕ್ಕರು.

"ಫೋರ್ಟ್ರಾನಿಗೆ ಸಂಖ್ಯೆ ಇಟ್ಟ ಜಾಗಾ ತೋರಸಬೇಕಿತ್ತವ್ವಾ, ಸಂಖ್ಯೆನ ಕೊಟ್ರ ಹೆಂಗ?" ಈರಬಸಪ್ಪ ಎಲ್ಲರಿಗೂ ಕೇಳುವಂತೆ ಮರುಗಿದ. "ಲಿಂಕರ್ ಹೆಸರಷ್ಟ ನೋಡತೈತಿ. ಏನ್ ಕೊಟ್ಟಿ, ಏನ್ ತಗೊಂಡಿ ಕೇಳಾಂಗಿಲ್ಲ."

ಅಷ್ಟೇ ಸಾಕೆಂದವನು ಅವನೇ. ಗುರವ್ವ ಕೀಲಿಮಣೆಯತ್ತ ಬಾಗಿದಳು.

"ಒಂದ ನಿಮಿಷ್ರಿ, ತಿದ್ದತೇನ್ರಿ..."

ಕುಬೇರಪ್ಪ ಆಗಲೇ ಬಾಗಿಲಲ್ಲಿದ್ದ. "ಈರಬಸಪ್ಪಾ, ನಿಮ್ಮ ಹುಡುಗನ್ನ ಕಳಸು."

ಸೋಮವಾರ ಅಯ್ಯನವರನ್ನು ಕರೆದುಕೊಂಡು ತಿರಕಪ್ಪ ಗುಡಗೇರಿಗೆ ಬಂದ. ಎರಡೂ ಕಡೆ ಜಾತಕವಿರಲಿಲ್ಲ. ಅಯ್ಯನವರು ಬೆರಳೆಣಿಸಿ ಹೆಸರುಬಲ ನೋಡಿ ತಲೆ ಅಲ್ಲಾಡಿಸಿದರು.

"ಕೂಡವಲ್ದು. ಹುಡುಗಿ ಹೆಸರು ಬದಲಿ ಮಾಡಬೇಕು."

"ಮಾಡ್ರಿ, ಅದಕ್ಕೇನು," ಎಂದ ಅಪ್ಪ.

"ಮೊದಲನೇಕಿ ಹೆಸರು ಛಲೋ ಕೂಡಿತ್ತಲ್ರಿ," ತಿರಕಪ್ಪ ಮೀಸೆ ತೀಡಿದ. "ಅದನ್ನ ಇಡ್ರಿ. ನನಗೂ ರೂಢಿ ಐತಿ."

ಅಯ್ಯನವರು ಒಪ್ಪಿದರು. ಗುರವ್ವ ಚಹಾ ತಂದಳು.

"ಇಲ್ಲಿ ಇಡು, ದುಂಡವ್ವಾ," ಎಂದ ತಿರಕಪ್ಪ.

ಅವಳು ನಿಂತೇ ಇದ್ದಳು. ಅಪ್ಪ ಗದರಿದ: "ನಿನಗ ಕರದದ್ದು, ಕೇಳಸವಲ್ದೇನು?"